ನಕ್ಷೆಯಲ್ಲಿಲ್ಲದ ಗೋಡೆ

ಮಾರ್ಚ್ 3

ತಮ್ಮನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತಿರಬೇಕು ಅಂದುಕೊಂಡೆಯಾ? ಯಾರೂ ಸತ್ತಿಲ್ಲ. ಈ ಮನೆತನದಲ್ಲಿ ಸಾಯಲು ಉಳಿದಿರುವವರು ನಾವಿಬ್ಬರೇ, ಇಬ್ಬರಿಗೂ ಸದ್ಯಕ್ಕೆ ಪುರುಸೊತ್ತಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಒಂಬತ್ತು ವರ್ಷದಲ್ಲಿ ಎರಡು ಸಲ ಮಾಡಿದ್ದೇವೆ, ಎರಡು ಸಲವೂ 'ಹಲೋ' ಮುಗಿಯುವ ಮೊದಲೇ ಜಗಳ ಹತ್ತಿಕೊಂಡಿತು. ಕಾಗದದಲ್ಲಿ ಬೈದರೆ ನಿನ್ನ ಸೇತುವೆ ಕೆಲಸದ ಜಾಗಕ್ಕೆ ತಲುಪಲು ನಾಲ್ಕು ದಿನ ಬೇಕು, ಅಷ್ಟರಲ್ಲಿ ಬೈಗುಳ ಸ್ವಲ್ಪ ಆರಿರುತ್ತದೆ.

ವಿಷಯ ಇಷ್ಟೇ. ನೀನು ಕಟ್ಟಿದ ಗೋಡೆಯನ್ನು ಕೆಡವಬೇಕು. ನಡುಮನೆಯನ್ನು ಸೀಳಿಕೊಂಡು, ಕಿಟಕಿಯ ನಟ್ಟನಡುವೆ ಹಾಯ್ದು, ನಿನಗೊಂದು ಕದ ನನಗೊಂದು ಕದ ಅಂತ ಹಂಚಿಕೊಟ್ಟಿತಲ್ಲ, ಅದೇ ಗೋಡೆ. ಏಪ್ರಿಲ್ ಮುಗಿಯುವುದರೊಳಗೆ ಅದು ಇರಬಾರದು. ಕೆಳಗಿನ ಬಚ್ಚಲುಮನೆ ನಿನ್ನ ಭಾಗದಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ನನ್ನದು ಹದಿನಾರು ಮೆಟ್ಟಿಲ ಮೇಲೆ. ಗೋಡೆ ಇದ್ದರೆ ನಾನು ಈ ಮನೆಯಲ್ಲಿರಲು ಆಗುವುದಿಲ್ಲ. ಗಾಳಿ ಬೆಳಕು ಬೇಕು ಅಂತಿಟ್ಟುಕೋ, ಇದಕ್ಕಿಂತ ಹೆಚ್ಚು ಕೇಳಬೇಡ. ಮನೆ ಇಬ್ಬರ ಹೆಸರಿನಲ್ಲಿದೆಯಾದ್ದರಿಂದ ನಿನ್ನ ಸಹಿ ಬೇಕಾಗುತ್ತದೆ.

ನಾನು ಚೆನ್ನಾಗಿದ್ದೇನೆ. ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಿಂತೇ ಬಟ್ಟೆ ಕತ್ತರಿಸಿದೆನಲ್ಲ, ಈಗ ಗುಂಡಿ ವಿಭಾಗಕ್ಕೆ ಹಾಕಿದ್ದಾರೆ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಬಡ್ತಿ ಅಂತಲೇ ಹೇಳು. ಅಕ್ಷರ ಓರೆಯಾಗಿದ್ದರೆ ಅದು ಮಣಿಕಟ್ಟಿನ ತಪ್ಪು, ಮೆಟ್ಟಿಲಲ್ಲಿ ಜಾರಿದೆ. ಏನಿಲ್ಲ.

ಅಕ್ಕ

ಮಾರ್ಚ್ 9

ಅಕ್ಕನಿಗೆ,

ಕಾಗದ ಸಿಕ್ಕಿತು. ಗೋಡೆ ಕೆಡವುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಮೇಲಿನ ಭಾರ ಅದರ ಮೇಲೆ ಕೂತಿದೆಯೋ ಇಲ್ಲವೋ ನೋಡಬೇಕು. ಕೂತಿಲ್ಲ ಅಂತ ನನಗೆ ಗೊತ್ತು, ಆದರೂ ನೋಡಿಸಬೇಕು. ಹದಿನೆಂಟು ವರ್ಷದಿಂದ ಅಂದಾಜು ಪಟ್ಟಿ ಬರೆಯುವುದೇ ನನ್ನ ಅನ್ನ. ಒಬ್ಬನೇ ಗುತ್ತಿಗೆದಾರನ ಮಾತು ನಂಬಿ ಸುತ್ತಿಗೆ ಎತ್ತಿಸಬೇಡ. ಮೂವರ ಕೊಟೇಷನ್ ತರಿಸು, ಮೂವರಿಗೂ ಒಂದೇ ಕೆಲಸದ ಪಟ್ಟಿ ಕೊಡು. ಪ್ರತಿ ಕೆಲಸಕ್ಕೂ ಬೇರೆ ಬೇರೆ ದರ ಬರೆಸು. 'ಒಟ್ಟು ಇಷ್ಟು' ಅನ್ನುವವನನ್ನು ಬಾಗಿಲಿಂದಲೇ ಕಳಿಸು. ಅವಶೇಷ ಸಾಗಿಸುವುದು ಯಾರ ತಲೆಗೆ ಅಂತ ಮೊದಲೇ ಕೇಳು, ಎಲ್ಲರೂ ಎಡವುವುದು ಅಲ್ಲೇ. ನಗರಸಭೆಯ ಅನುಮತಿ ಬೇಕೇ ಬೇಕು.

ಒಂಬತ್ತು ವರ್ಷ ಚುಚ್ಚದ ಗೋಡೆ ಈಗೇಕೆ ಚುಚ್ಚುತ್ತಿದೆ? ಮನೆ ಮಾರುವ ಯೋಚನೆಯಿದ್ದರೆ ನೇರ ಹೇಳು. ಗಾಳಿ ಬೆಳಕಿಗೆ ಯಾರೂ ತಾರೀಖು ಗೊತ್ತುಮಾಡುವುದಿಲ್ಲ.

ಇಲ್ಲಿ ಕೆಲಸ ಜೋರು. ಮಣಿಕಟ್ಟಿಗೆ ಬಿಸಿನೀರು ಶಾಖ ಕೊಡು.

ತಮ್ಮ

ಮಾರ್ಚ್ 16

ತಮ್ಮನಿಗೆ,

ಮನೆ ಮಾರುವವಳು ಬಚ್ಚಲುಮನೆಯ ಚಿಂತೆ ಮಾಡುತ್ತಾಳೇನೋ ಮಂಕೆ?

ನಿನ್ನ ಅಪ್ಪಣೆಯಂತೆ ಮೂವರನ್ನೂ ಕರೆಸಿದೆ. ಮೊದಲನೆಯವನು ಮೀಸೆ ಮೇಸ್ತ್ರಿ. ಗೋಡೆಗೆ ಕಿವಿ ಹಚ್ಚಿ, ಬೆರಳಲ್ಲಿ ತಟ್ಟಿ, "ಒಳಗೆ ಏನೋ ಇದೆ" ಅಂದ. "ಇಟ್ಟಿಗೆ ಇದೆ" ಅಂದೆ. ನಾಲ್ಕು ದಿನದ ಕೆಲಸವಂತೆ. ಎರಡನೆಯವನಿಗೆ ನಾನಿಟ್ಟ ಹೆಸರು 'ಆಗತ್ತಮ್ಮ'. ಬಾಗಿಲು ಅಗಲ ಆಗತ್ತಾ? ಆಗತ್ತಮ್ಮ. ಎರಡು ದಿನದಲ್ಲಿ ಆಗತ್ತಾ? ಆಗತ್ತಮ್ಮ. ಗೋಡೆ ಇರಬೇಕು, ಆದರೆ ಕಾಣಬಾರದು, ಆಗತ್ತಾ ಅಂತ ಬೇಕೆಂದೇ ಕೇಳಿದೆ. ಒಂದು ಗಳಿಗೆ ಯೋಚಿಸಿ "ಅದೂ ಆಗತ್ತಮ್ಮ" ಅಂದ! ಮೂರನೆಯವಳು ಹೆಂಗಸು, ಟೇಪಕ್ಕ. ಅಳತೆಪಟ್ಟಿ ಅವಳ ಕೈಬಿಟ್ಟು ಇಳಿಯುವುದೇ ಇಲ್ಲ. ಬಾಗಿಲು, ಹೊಸ್ತಿಲು, ಸ್ವಿಚ್ಚು ಎಲ್ಲ ಅಳೆದಳು. ಮಾತು ಕಡಿಮೆ. ಮೂವರ ಪಟ್ಟಿಗಳೂ ಈ ಜೊತೆಗಿವೆ.

ನಗರಸಭೆಯದು ಕೇಳು. ಗುಮಾಸ್ತ ನಮ್ಮ ಮನೆಯ ನಕ್ಷೆ ಬಿಚ್ಚಿ ಮೇಜಿನ ಮೇಲೆ ಹರಡಿದ.

"ಯಾವ ಗೋಡೆ?"

"ನಡುಮನೇದು."

"ನಕ್ಷೆಯಲ್ಲಿ ಗೋಡೆನೇ ಇಲ್ವಲ್ಲಮ್ಮ."

"ನಕ್ಷೆಯಲ್ಲಿಲ್ಲ, ಮನೆಯಲ್ಲಿದೆ."

"ಇಲ್ಲದೇ ಇರೋದನ್ನ ಕೆಡವೋಕೆ ನಾನು ಹೇಗಮ್ಮ ಅನುಮತಿ ಕೊಡ್ಲಿ?"

"ಹಾಗಾದ್ರೆ ಸುಮ್ನೆ ಕೆಡವಿಬಿಡ್ಲಾ?"

"ಅಯ್ಯೋ, ಅನುಮತಿ ಇಲ್ದೆ ಕೆಡವಿದ್ರೆ ದಂಡ ಬೀಳತ್ತೆ."

"ಇಲ್ಲದ ಗೋಡೆ ಕೆಡವಿದ್ರೆ ದಂಡನಾ?"

"ಇರೋ ಗೋಡೆ ಕೆಡವಿದ್ರೆ ದಂಡ."

"ಈಗ ಅದು ಇದೆಯೋ ಇಲ್ವೋ, ಒಂದು ಹೇಳಿ."

"ಅದನ್ನ ನೀವೇ ಬರ್ಕೊಡ್ಬೇಕು."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಕೆಡವಿ ನೋಡು ಅಂತ ಯಾಕೆ ಹೇಳಲಿಲ್ಲವೋ! ಕೊನೆಗೆ ತೀರ್ಮಾನ ಏನಾಯಿತೆಂದರೆ, ಮೊದಲು ಆ ಗೋಡೆ ಕಟ್ಟಿದ್ದಕ್ಕೆ ಅನುಮತಿ ಪಡೆಯಬೇಕು, ಆಮೇಲೆ ಕೆಡವುವುದಕ್ಕೆ. ಅದಕ್ಕೊಂದು ಫಾರಂ. ಕಟ್ಟಿದವನೇ ತನ್ನ ಕೈಯಾರೆ ತುಂಬಬೇಕು: ಯಾವಾಗ ಕಟ್ಟಿದ್ದು, ಉದ್ದ, ಎತ್ತರ, ದಪ್ಪ, ಕಟ್ಟಿದ ಉದ್ದೇಶ. ಕೆಳಗೆ ಸಹಿ. ಲಕೋಟೆಯಲ್ಲಿಟ್ಟಿದ್ದೇನೆ. ನಿನಗೆ ಹತ್ತು ನಿಮಿಷದ ಕೆಲಸ, ಅವತ್ತೇ ಅಂಚೆಗೆ ಹಾಕು.

ಆ ಕಚೇರಿಯಲ್ಲಿ ಕೂರಲು ಒಂದು ಸ್ಟೂಲೂ ಇಲ್ಲ, ಗೊತ್ತಾ?

ಅಕ್ಕ

ಮಾರ್ಚ್ 20

ಅಕ್ಕನಿಗೆ,

ಮೂರು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೀಸೆಯವನು ಗೋಡೆಯ ಅಳತೆಯನ್ನೇ ಹಿಗ್ಗಿಸಿದ್ದಾನೆ, ಎತ್ತರ ಹತ್ತೂವರೆ ಅಡಿ ಅಂತೆ. ನಾನು ಕಟ್ಟಿದ್ದು ಒಂಬತ್ತು ಅಡಿ ಎಂಟು ಅಂಗುಲ. ಆಗತ್ತಮ್ಮನ ಪಟ್ಟಿ ಅಗ್ಗ, ಆದರೆ ಅವಶೇಷ ಸಾಗಿಸುವ ಮಾತೇ ಇಲ್ಲ. ಅರ್ಧಕ್ಕೆ ಬಂದ ಮೇಲೆ ಕೈಚಾಚುತ್ತಾನೆ. ಟೇಪಕ್ಕನದು ನಡುವಿನ ದರ, ಅಳತೆಗಳು ಕರಾರುವಾಕ್ಕು. ಆದರೂ ನಾಲ್ಕನೆಯ ಒಂದು ಕೊಟೇಷನ್ ತರಿಸಿದರೆ ಒಳ್ಳೆಯದು ಅನ್ನಿಸುತ್ತದೆ.

ಒಂದು ವಿಷಯ ತಲೆ ಕೊರೆಯುತ್ತಿದೆ. ಮೂರರಲ್ಲೂ ಬಾಗಿಲುಗಳು ಮೂರೂವರೆ ಅಡಿ ಅಗಲ. ಸ್ವಿಚ್ಚುಗಳು ಮೂರಡಿ ಎತ್ತರಕ್ಕೆ ಇಳಿಯಬೇಕು. ಹೊಸ್ತಿಲು ತೆಗೆಯಬೇಕು. ಬಚ್ಚಲಲ್ಲಿ ಹಿಡಿದುಕೊಳ್ಳಲು ಉಕ್ಕಿನ ಸರಳು. ಇದು ಗಾಳಿ ಬೆಳಕಿನ ಪಟ್ಟಿಯಲ್ಲ. ಮನೆಯನ್ನು ನರ್ಸಿಂಗ್ ಹೋಮಿಗೆ ಬಾಡಿಗೆಗೆ ಕೊಡುತ್ತಿದ್ದೀಯಾ? ನನ್ನ ಅರ್ಧವನ್ನೂ ಸೇರಿಸಿ? ಆ ಯೋಜನೆ ಏನಿದ್ದರೂ ನನ್ನ ಮುಂದಿಡಬಹುದಿತ್ತು.

ಫಾರಂ ನೋಡಿದೆ. ಉದ್ದ, ಎತ್ತರ, ದಪ್ಪ ತುಂಬಿದ್ದೇನೆ. ಇನ್ನೊಂದು ಕಲಂ ಬಾಕಿಯಿದೆ. ಯೋಚಿಸಿ ಕಳಿಸುತ್ತೇನೆ.

ತಮ್ಮ

ಮಾರ್ಚ್ 24

ತಮ್ಮನಿಗೆ,

ಯೋಚಿಸಿ ಕಳಿಸುತ್ತೀಯಾ? ಒಂದು ಸಹಿಗೆ ಯೋಚನೆ ಏನು? ಆಗಲೂ ನಿನ್ನದು ಹೀಗೇ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ.

ಹೌದಪ್ಪ, ನರ್ಸಿಂಗ್ ಹೋಮ್ ಅಂತಲೇ ಇಟ್ಟುಕೋ. ನಿನ್ನ ಅರ್ಧ ನಿನಗೇ ಇರಲಿ. ಗೆರೆ ಬೇಕಿದ್ದರೆ ನೆಲದ ಮೇಲೆ ಸುಣ್ಣದಲ್ಲಿ ಎಳೆದುಕೊಡುತ್ತೇನೆ, ನಿನ್ನ ಕಡೆ ಕಸವನ್ನೂ ಗುಡಿಸುವುದಿಲ್ಲ. ಅಷ್ಟೂ ಸಾಲದಿದ್ದರೆ ಕೆಲಸವಾದ ಮೇಲೆ ನನ್ನ ಅರ್ಧವನ್ನೂ ನಿನ್ನ ಹೆಸರಿಗೇ ಬರೆದುಕೊಡುತ್ತೇನೆ, ನಾನಿರುವ ತನಕ ಇರಲು ಬಿಟ್ಟರೆ ಸಾಕು. ಪಾಲಿಗಾಗಿ ಗೋಡೆ ಎಬ್ಬಿಸಿದವನು ನೀನು. ಪಾಲು ಸಿಕ್ಕಿದರೆ ಕೆಡವಲು ಏನು ಅಡ್ಡಿ?

ನಾಲ್ಕನೆಯ ಕೊಟೇಷನ್ ತರಿಸುವುದಿಲ್ಲ. ನನಗೆ ಬಾಗಿಲವರೆಗೆ ಹೋಗಿ ಬಾಗಿಲು ತೆಗೆದು ಬರುವುದೇ ಒಂದು ಕೆಲಸವಾಗಿದೆ. ತೀರಾ ಬೇಜಾರು ಬಂದಿದೆ ಅಂತ ಅರ್ಥ, ಬೇರೆ ಏನೂ ಅಲ್ಲ.

ಅಕ್ಕ

ಏಪ್ರಿಲ್ 1

ಫಾರಂ ಬರಲಿಲ್ಲ. ಮೀಸೆ ಮೇಸ್ತ್ರಿ ಬೇರೆ ಕೆಲಸ ಹಿಡಿದ. ಆಗತ್ತಮ್ಮನನ್ನು ನಾನೇ ಬೇಡ ಅಂದೆ. ಟೇಪಕ್ಕ ಹತ್ತನೇ ತಾರೀಖಿನವರೆಗೆ ಕಾಯುತ್ತಾಳಂತೆ. ಅವಳು ನನಗೆ ಏನೂ ಆಗಬೇಕಾದವಳಲ್ಲ, ಆದರೂ ಕಾಯುತ್ತಾಳೆ. ದಿನಾ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಎದ್ದು ಕೂರುತ್ತೇನೆ, ಅವನು ಮುಂದಿನ ಮನೆಗೆ ಹೋಗುತ್ತಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನಮ್ಮ ಮನೆಯಲ್ಲಿ ದೊಣ್ಣೆಗೇ ವರುಷವಾಗುತ್ತಿದೆ.

ಅಕ್ಕ

ಏಪ್ರಿಲ್ 5

ಅಕ್ಕ,

ನಿನ್ನ ಒಂದನೇ ತಾರೀಖಿನ ಕಾಗದ ಈಗ ಕೈಗೆ ಬಂತು. ಅದಕ್ಕೆ ಮೊದಲೇ ಇದನ್ನು ಬರೆಯಲು ಕೂತಿದ್ದೆ. ಮೂರು ಹಾಳೆ ಹರಿದೆ.

ನಿನ್ನೆ ಟೇಪಕ್ಕನ ಪಟ್ಟಿಯನ್ನು ಮತ್ತೆ ತೆಗೆದೆ. ದರ ಬರೆದ ಮುಖವನ್ನಷ್ಟೇ ನೋಡಿದ್ದೆ, ಹಿಂದೆ ತಿರುಗಿಸಿರಲಿಲ್ಲ. ಹದಿನೆಂಟು ವರ್ಷದ ಅಭ್ಯಾಸ: ಮೊತ್ತ ಸಿಕ್ಕಿತೆಂದರೆ ಹಾಳೆ ತಿರುಗಿಸುವುದಿಲ್ಲ. ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದಾಳೆ: 'ಕುರ್ಚಿ ತಿರುಗಲು ಐದಡಿ ಜಾಗ. ಕೂತಾಗ ಕೈಯೆಟುಕು ನಾಲ್ಕಡಿ ಒಂದಂಗುಲ. ಎಡಗೈ ಬಲ ಹೆಚ್ಚು, ಸರಳು ಎಡಕ್ಕೆ.' ಅಕ್ಕ, ನರ್ಸಿಂಗ್ ಹೋಮಿಗೆ ಒಬ್ಬರ ಕೈಯ ಅಳತೆ ಯಾರೂ ತೆಗೆಯುವುದಿಲ್ಲ. ಬಟ್ಟೆ ಕತ್ತರಿಸಿ ಕತ್ತರಿಸಿ ಯಾರ ಎಡಗೈ ಗಟ್ಟಿಯಾಗಿದೆ ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲಿ ಎಡಚಿ ನೀನೊಬ್ಬಳೇ.

ಪಟ್ಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ನಾನೇನೂ ಹೇಳಲ್ಲ ಸಾರ್, ಹೇಳ್ಬೇಡಿ ಅಂತ ಅಮ್ಮ ಹೇಳಿದ್ದಾರೆ" ಅಂದಳು. "ಬೇಗ ಕಳ್ಸಿ ಸಾರ್" ಅಂತ ಸೇರಿಸಿ ಇಟ್ಟುಬಿಟ್ಟಳು.

ಜಾರಿದ್ದು, ಗುಂಡಿ ವಿಭಾಗ, ಸ್ಟೂಲಿಲ್ಲದ ಕಚೇರಿ, ಎಲ್ಲ ನಿನ್ನ ಕಾಗದಗಳಲ್ಲೇ ಇತ್ತು. ನಾನು ಓದಿದ್ದು ಮಾತ್ರ ಬೇರೆ.

ಫಾರಂ ಇದರ ಜೊತೆಗಿದೆ. ಇಷ್ಟು ದಿನ ತಡೆದದ್ದು ಪಾಲಿಗಾಗಿ ಅಲ್ಲ. 'ಕಟ್ಟಿದ ಉದ್ದೇಶ' ಅಂತ ಒಂದು ಕಲಂ ಇತ್ತಲ್ಲ, ಅಲ್ಲಿ ಪೆನ್ನು ಇಟ್ಟರೆ ಕೈ ಓಡುತ್ತಿರಲಿಲ್ಲ. ಕೊನೆಗೆ ಬರೆದಿದ್ದೇನೆ. ಗುಮಾಸ್ತನಿಗಿಂತ ಮೊದಲು ನೀನು ಓದಬೇಕು ಅಂತ ಇಲ್ಲೂ ಬರೆಯುತ್ತೇನೆ.

'ಉದ್ದೇಶ: ಆಸ್ಪತ್ರೆಯಲ್ಲಿದ್ದ ನಮ್ಮ ಅಮ್ಮನಿಗೆ ಕಾಯಿಲೆ ಜೋರಾದಾಗ ಅಕ್ಕ ಬೇಗ ಬಾ ಅಂತ ಹೇಳಿ ಕಳಿಸಿದಳು. ನಾನು ಎರಡು ಗಂಟೆ ದಾರಿಯ ಊರಿನಲ್ಲಿದ್ದೆ. ಆಸ್ಪತ್ರೆಗೆ ಫೋನ್ ಮಾಡಿದೆ. ಬೆಳಿಗ್ಗೆ ಬಂದರೂ ಆಗುತ್ತದೆ ಅಂದರು. ಟೆಂಡರಿನ ಲೆಕ್ಕ ಮುಗಿಸಲು ಉಳಿದೆ. ಬೆಳಿಗ್ಗೆ ಬಂದಾಗ ಅಮ್ಮ ಇರಲಿಲ್ಲ. ಎದುರುಮನೆಯವರು ಬಂದರು, ಹಾಲಿನವನು ಬಂದ, ನೀನು ಮಾತ್ರ ಲೆಕ್ಕ ಹಾಕುತ್ತಾ ಕೂತಿದ್ದೆ ಅಂತ ಅಕ್ಕ ಎಲ್ಲರೆದುರು ಅಂದಳು. ಅದು ನಿಜವಾಗಿತ್ತು. ದಿನಾ ಅವಳ ಮುಖ ನೋಡಲಾಗದೆ ಮುಂದಿನ ವಾರ ಈ ಗೋಡೆ ಕಟ್ಟಿದೆ.'

ಬೀಗದ ಕೈಯೂ ಲಕೋಟೆಯಲ್ಲಿದೆ. ನಿನಗೇನಾಗಿದೆ ಅಂತ ಬರೆ. ಗಾಳಿ ಬೆಳಕು ಅಂತ ಬರೆಯಬೇಡ.

ತಮ್ಮ

ಏಪ್ರಿಲ್ 9

ತಮ್ಮಾ,

ಇವತ್ತು ಬೆಳಿಗ್ಗೆ ಫಾರಂ ತಲುಪಿದ ಕೂಡಲೇ ಟೇಪಕ್ಕ ತನ್ನ ಗಾಡಿಯಲ್ಲಿ ಕೂರಿಸಿಕೊಂಡು ನಗರಸಭೆಗೆ ಕರೆದೊಯ್ದಳು. ಗುಮಾಸ್ತ ಉದ್ದ, ಎತ್ತರ ನೋಡಿ ತಲೆಯಾಡಿಸಿದ. ಆ ಕಲಮಿಗೆ ಬಂದವನು ಅಲ್ಲೇ ನಿಂತ. ಎರಡು ಸಲ ಓದಿದ. "ಇದನ್ನ ಫೈಲಿಗೆ ಹಾಕ್ಲಾ ಅಮ್ಮ?" ಅಂದ. "ಹಾಕಿ, ನೀವೇ ತಾನೆ ಕೇಳಿದ್ದು" ಅಂದೆ. "ಇಲ್ಲಿ 'ವಾಸದ ಅನುಕೂಲಕ್ಕಾಗಿ' ಅಂತ ಬರೆದಿದ್ರೆ ಸಾಕಿತ್ತು. ಎಲ್ಲರೂ ಅದನ್ನೇ ಬರೀತಾರೆ" ಅಂದ. ಆಮೇಲೆ ತನ್ನ ಕುರ್ಚಿಯನ್ನೇ ನನ್ನ ಕಡೆ ತಳ್ಳಿ, ಎರಡು ಅನುಮತಿಗೂ ನಿಂತುಕೊಂಡೇ ಮುದ್ರೆ ಒತ್ತಿದ.

ವಾಸದ ಅನುಕೂಲಕ್ಕಾಗಿ! ಎರಡು ಪದ ಕಣೋ. ಇಡೀ ಆಯುಷ್ಯ ಫಾರಂ ತುಂಬುವ ನಿನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಬರೆಯಲಿಲ್ಲವಲ್ಲ, ಅಲ್ಲಿಗೇ ನನಗೆ ಅಳು ಬಂತು. ಆ ಗುಮಾಸ್ತನ ಕುರ್ಚಿಯಲ್ಲಿ ಕೂತು, ನಾಚಿಕೆಯಿಲ್ಲದೆ ಅತ್ತೆ.

ಒಂಬತ್ತು ವರ್ಷ ನಾನು ಪಾಲಿನ ಗೋಡೆ ಅಂದುಕೊಂಡಿದ್ದೆ. ಪಾಲು ಕೇಳಿದವನು ಮೂರೇ ತಿಂಗಳಿದ್ದು ಬೀಗ ಹಾಕಿಕೊಂಡು ಯಾಕೆ ಓಡಿಹೋದ ಅಂತ ಒಂದು ದಿನವೂ ಯೋಚಿಸಲಿಲ್ಲ. ಆ ಮಾತನ್ನು ನಾನು ಆಡಬಾರದಿತ್ತು. ನಿಜವೇ ಇರಬಹುದು, ಆದರೂ ಆಡಬಾರದಿತ್ತು. ಇಡೀ ರಾತ್ರಿ ಒಬ್ಬಳೇ ಕೂತು ಹೆದರಿದ್ದೆ, ಆ ಹೆದರಿಕೆಯನ್ನೆಲ್ಲ ನಿನ್ನ ಮೇಲೆ ಸುರಿದೆ.

ಈಗ ನನ್ನದು. ಬೆನ್ನುಹುರಿಯ ಹತ್ತಿರ ಒಂದು ಗಂಟು ಬೆಳೆದಿದೆ. ಚಳಿಗಾಲದಿಂದ ಪಾದಗಳು ನನ್ನವಲ್ಲ, ಚಪ್ಪಲಿ ಕಳಚಿದರೂ ಗೊತ್ತಾಗುವುದಿಲ್ಲ. ಹದಿನಾರಕ್ಕೆ ಆಪರೇಷನ್, ಹದಿಮೂರಕ್ಕೆ ದಾಖಲಾಗಬೇಕು. ಆಮೇಲೆ ನಡೆಯುತ್ತೇನಾ ಅಂದರೆ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾರೆ. ಒಂದಷ್ಟು ತಿಂಗಳು ಗಾಲಿಕುರ್ಚಿಯಂತೂ ಖಂಡಿತ. ಕುರ್ಚಿ ಓಡಾಡುವ ಮನೆ ಸಿದ್ಧವಿದ್ದರೆ ಮನೆಗೆ ಕಳಿಸುತ್ತಾರೆ. ಇಲ್ಲದಿದ್ದರೆ ಆರೈಕೆ ಕೇಂದ್ರಕ್ಕೆ. ಅಲ್ಲಿಗೆ ಒಮ್ಮೆ ಹೋಗಿ ನೋಡಿಬಂದೆ. ಸಾಲು ಮಂಚಗಳು, ಎಲ್ಲರೂ ಬಾಗಿಲನ್ನೇ ನೋಡುತ್ತಾ ಮಲಗಿದ್ದರು. ನನಗೆ ಅಲ್ಲಿ ಇರಲಾಗುವುದಿಲ್ಲ.

ಕೆಡವುವಾಗ ಮಾಲೀಕರಲ್ಲಿ ಒಬ್ಬರು ಎದುರಿಗಿರಬೇಕು ಅಂತ ಅನುಮತಿಯಲ್ಲಿ ಬರೆದಿದೆ. ನಾನು ಆಸ್ಪತ್ರೆಯಲ್ಲಿರುತ್ತೇನೆ. ಹೇಗೋ ಆಗುತ್ತದೆ, ಟೇಪಕ್ಕ ಗುಮಾಸ್ತನ ಹತ್ತಿರ ಮಾತಾಡುತ್ತಾಳೆ. ನಿನಗೆ ಕೆಲಸ ಜೋರು ಅಂದಿದ್ದೀಯ, ರಜೆ ಸಿಗುವುದು ಕಷ್ಟ. ಬರಬೇಕು ಅಂತೇನಿಲ್ಲ.

ಎಲ್ಲರ ಹತ್ತಿರ ಧೈರ್ಯವಾಗಿದ್ದೇನೆ ಅನ್ನುತ್ತಿದ್ದೇನೆ. ನಿನ್ನ ಹತ್ತಿರ ಸುಳ್ಳು ಹೇಳಲ್ಲ. ತುಂಬಾ ಹೆದರಿಕೆಯಾಗುತ್ತಿದೆ ಕಣೋ.

ಅಕ್ಕ

ಏಪ್ರಿಲ್ 15, ಸಂಜೆ

ಅಕ್ಕ,

ಇದು ಅಂಚೆಯಲ್ಲಿ ಬಂದ ಕಾಗದವಲ್ಲ, ಮೇಲೆ ಅಂಚೆಚೀಟಿ ಹುಡುಕಬೇಡ. ನರ್ಸಮ್ಮ ಕೈಯಲ್ಲಿ ಕೊಡುತ್ತಾರೆ.

ನಿನ್ನ ಕಾಗದ ಹದಿಮೂರಕ್ಕೆ ತಲುಪಿತು. ರಜೆ ಕೇಳಲಿಲ್ಲ, ಹೋಗುತ್ತಿದ್ದೇನೆ ಅಂತ ಹೇಳಿ ಹೊರಟೆ. ಇವತ್ತು ಬೆಳಿಗ್ಗೆ ಆರಕ್ಕೆ ಊರಿಗೆ ಇಳಿದವನು ಬರಿಗೈಯಲ್ಲಿ ನಿನ್ನೆದುರು ಬರಲು ಧೈರ್ಯವಾಗದೆ ಮೊದಲು ಮನೆಗೆ ಹೋದೆ. ಬರುತ್ತೇನೆ ಅಂತ ಫೋನ್ ಮಾಡಿದ್ದೆ, ಟೇಪಕ್ಕ ಇಬ್ಬರು ಕೆಲಸದವರ ಜೊತೆ ಬಾಗಿಲಲ್ಲೇ ನಿಂತಿದ್ದಳು. "ಮಾಲೀಕರು ಎದುರಿಗಿರ್ಬೇಕು ಸಾರ್, ಕೈ ಹಾಕ್ಬೇಕು ಅಂತೇನಿಲ್ಲ" ಅಂದಳು. ನಾನು ಕೈ ಹಾಕಿದೆ.

ಮೂವರ ಅಂದಾಜೂ ತಪ್ಪು. ಮೀಸೆ ಮೇಸ್ತ್ರಿ ನಾಲ್ಕು ದಿನ ಅಂದಿದ್ದ, ಟೇಪಕ್ಕ ಒಂದೂವರೆ ದಿನ. ಮಧ್ಯಾಹ್ನ ಎರಡಕ್ಕೆಲ್ಲ ಮುಗಿದುಹೋಯಿತು. ಸಿಮೆಂಟನ್ನು ಸರಿಯಾಗಿ ಬೆರೆಸಿಯೇ ಇರಲಿಲ್ಲ ನಾನು. ಮೇಲಿನ ಸಾಲು ಕೈಯಲ್ಲಿ ತಳ್ಳಿದರೇ ಬಿತ್ತು. "ಕಟ್ಟಿದೋನು ಕುಡಿದು ಕಟ್ಟಿರ್ಬೇಕು, ಒಂದು ಸಾಲೂ ಮಟ್ಟಕ್ಕಿಲ್ಲ" ಅಂತ ಟೇಪಕ್ಕ ಬೈದುಕೊಂಡಳು. "ಕುಡಿದಿರಲಿಲ್ಲ" ಅಂದೆ. ಅವಳು ನನ್ನ ಮುಖ ನೋಡಿ, ಮುಂದಿನ ಇಟ್ಟಿಗೆಗೆ ಕೈ ಹಾಕಿದಳು. ನಾಳೆಯಿಂದ ಬಾಗಿಲುಗಳ ಕೆಲಸ. ಸರಳನ್ನು ಎಡಕ್ಕೇ ಹಾಕಿಸುತ್ತೇನೆ. ನೀನು ಮನೆಗೇ ಬರುತ್ತೀಯ, ಬೇರೆಲ್ಲಿಗೂ ಅಲ್ಲ. ನಾನೂ ಸೇತುವೆಗೆ ಸದ್ಯಕ್ಕೆ ಹೋಗುವುದಿಲ್ಲ. ಎಷ್ಟು ದಿನ ಅಂತ ಅಂದಾಜು ಕೇಳಬೇಡ, ಹಾಕಿಲ್ಲ.

ಅವಶೇಷ ಸಾಗಿಸಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು, ಮೈ ತುಂಬ ಧೂಳು. ಹಾಗೇ ಬಂದೆ. ಇಲ್ಲಿ ತಲುಪುವಾಗ ಆರೂಕಾಲು, ಆರಕ್ಕೇ ವಾರ್ಡಿನ ಬಾಗಿಲು ಹಾಕಿಬಿಡುತ್ತಾರಂತೆ. ಎಷ್ಟು ಬೇಡಿಕೊಂಡರೂ ಕಾವಲಿನವನು ಒಪ್ಪಲಿಲ್ಲ. "ಆಪರೇಷನ್ ಎಂಟು ಗಂಟೆಗೆ ತಾನೆ? ಮನೆಗೆ ಹೋಗಿ ಮಲ್ಕೊಳ್ಳಿ ಸಾರ್, ಬೆಳಿಗ್ಗೆ ಬಂದ್ರೂ ಆಗತ್ತೆ" ಅಂದ.

ಈ ಸಲ ನಾನು ಆ ಮಾತು ಕೇಳಲಿಲ್ಲ. ನಿನ್ನ ಬಾಗಿಲಾಚೆ, ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂತಿದ್ದೇನೆ. ಬೆಳಗಾಗುವವರೆಗೂ ಇಲ್ಲೇ ಇರುತ್ತೇನೆ. ನೀನು ಕೂಗಿದರೆ ನನಗೆ ಕೇಳಿಸುತ್ತದೆ.

ತಮ್ಮ